ಅನುಭವಿ ರನ್ನಿಂಗ್ ಬ್ಯಾಕ್ ವರ್ಗಾವಣೆಯಾಗಿ ಬಂದಾಗ ಅವನ ಗಜಗಳನ್ನು ಎಷ್ಟು ನಂಬಬೇಕು?

ಪ್ರಶ್ನೆ: ಹೊಸ ಪ್ರೇಕ್ಷಕ

ಅಮೆರಿಕದ ಕಾಲೇಜು ಫುಟ್‌ಬಾಲನ್ನು ನಾಲ್ಕು ಸೀಸನ್‌ಗಳಿಂದ ಬಿಡದೆ ನೋಡುತ್ತಿದ್ದೇನೆ. ಪಂದ್ಯದ ಓಟ ಈಗ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಆದರೆ ವರ್ಗಾವಣೆಯಾಗಿ ಬರುವ ಆಟಗಾರರ ವಿಷಯದಲ್ಲಿ ನನ್ನ ಅಂದಾಜು ಪ್ರತಿ ವರ್ಷವೂ ತಲೆಕೆಳಗಾಗುತ್ತಿದೆ. ಅದಕ್ಕಾಗಿಯೇ ಈ ಪ್ರಶ್ನೆ. ತಂಡದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಚರ್ಚೆ ಅಭಿಮಾನಿಗಳ ಜಗಳಕ್ಕೆ ತಿರುಗುತ್ತದೆ ಎಂಬುದು ಇಲ್ಲಿ ಹಿಂದೆ ಬರೆದವರಿಗೆಲ್ಲ ಗೊತ್ತು.

ಸ್ಥಿತಿ ಹೀಗಿದೆ. ಕಳೆದ ಸೀಸನ್‌ನಲ್ಲಿ ಚೆಂಡನ್ನು ಹೆಚ್ಚಾಗಿ ಹೊತ್ತು ಓಡಿದ ರನ್ನಿಂಗ್ ಬ್ಯಾಕ್ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೊರಟುಹೋದರು. ಹಿಂದೆ ಉಳಿದಿರುವವರು ಇಬ್ಬರೇ: ಗೆಲುವು ಖಚಿತವಾದ ಮೇಲೆ ಕೊನೆಯ ಹತ್ತು ನಿಮಿಷ ಆಡಿದ ಒಬ್ಬ ಎರಡನೇ ವರ್ಷದವನು, ಹೈಸ್ಕೂಲಿನಿಂದ ನೇರವಾಗಿ ಬಂದಿರುವ ಇನ್ನೊಬ್ಬ ಹುಡುಗ. ಕ್ವಾರ್ಟರ್‌ಬ್ಯಾಕ್ ಕೂಡ ಹೊಸಬ. (ಪಾಸ್ ಎಸೆಯುವವನು, ದಾಳಿಯನ್ನು ನಡೆಸುವವನು ಅವನೇ.) ಹೀಗಿರುವಾಗ ಕೋಚ್ ಜನವರಿಯಲ್ಲಿ ಪೋರ್ಟಲ್ ಎಂಬ ವರ್ಗಾವಣೆಯ ಪಟ್ಟಿಯ ಮೂಲಕ ಚಿಕ್ಕ ಕಾನ್ಫರೆನ್ಸ್ (ತಮ್ಮತಮ್ಮೊಳಗೆ ಆಡುವ ತಂಡಗಳ ಗುಂಪು) ಒಂದರಿಂದ ಅನುಭವಿಯೊಬ್ಬನನ್ನು ಕರೆತಂದಿದ್ದಾರೆ. ಅವನು ಅಲ್ಲಿ ಎರಡು ಸೀಸನ್ ಪೂರ್ತಿ ಆರಂಭಿಕ ಆಟಗಾರನಾಗಿದ್ದವನು, ಇನ್ನು ಒಂದೇ ಸೀಸನ್ ಆಡುವ ಅರ್ಹತೆ ಉಳಿದಿರುವವನು. ಅವನ ಗಜಗಳ ಮೊತ್ತ ನೋಡಿ ಬೆಂಬಲಿಗರು ಆಗಲೇ ಚಾಂಪಿಯನ್‌ಷಿಪ್ ಗೆದ್ದವರಂತೆ ಮಾತನಾಡುತ್ತಿದ್ದಾರೆ. ನನಗೋ ಅನುಮಾನ. ದುರ್ಬಲ ಎದುರಾಳಿಗಳ ಮೇಲೆ ಗಳಿಸಿದ ಗಜಗಳನ್ನು ಬಲವಾದ ರಕ್ಷಣೆಯ ಮುಂದೆ ಹೇಗೆ ಲೆಕ್ಕ ಹಾಕಬೇಕು? ಒಂದೇ ವರ್ಷ ಇರುವವನಿಗಾಗಿ ಎಳೆಯ ಹುಡುಗರ ಅವಕಾಶವನ್ನು ಕಿತ್ತುಕೊಳ್ಳುವುದು ಜಾಣತನವೇ? ಇಂಥ ಆಟಗಾರನನ್ನು ತೂಗುವಾಗ ನೀವು ಮೊದಲು ಏನನ್ನು ನೋಡುತ್ತೀರಿ ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಗಜಗಣಿತ

ನಿಮ್ಮ ಅನುಮಾನ ಸರಿಯಾದದ್ದೇ, ಆದರೆ ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀರಿ ಎಂದು ನನ್ನ ಅನಿಸಿಕೆ. ಚಿಕ್ಕ ಕಾನ್ಫರೆನ್ಸಿನ ಗಜಗಳೆಲ್ಲ ಅಗ್ಗ, ದೊಡ್ಡ ಕಾನ್ಫರೆನ್ಸಿನವೆಲ್ಲ ದುಬಾರಿ ಎಂಬ ಲೆಕ್ಕ ಕ್ವಾರ್ಟರ್‌ಬ್ಯಾಕ್‌ಗಳಿಗೆ ಒಂದಷ್ಟು ಅನ್ವಯಿಸಬಹುದು. ಆದರೆ ರನ್ನಿಂಗ್ ಬ್ಯಾಕ್‌ನ ಗಜಗಳಲ್ಲಿ ಒಂದು ಪಾಲು ಅವನದು, ಇನ್ನೊಂದು ಪಾಲು ಅವನ ಮುಂದೆ ನಿಂತು ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡುವ ಐವರ ಆಫೆನ್ಸಿವ್ ಲೈನಿನದು. ನೀವು ಬೇರ್ಪಡಿಸಿ ನೋಡಬೇಕಾದದ್ದು ಈ ಎರಡು ಪಾಲುಗಳನ್ನು.

ಅದಕ್ಕೆ ನಾನು ಅನುಸರಿಸುವ ಕ್ರಮ ತೀರ ಸರಳ. ಚಿಕ್ಕ ಕಾನ್ಫರೆನ್ಸಿನ ತಂಡಗಳು ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದೋ ಎರಡೋ ಬಾರಿ, ಸಂಭಾವನೆ ಪಡೆದು ದೊಡ್ಡ ತಂಡಗಳ ಅಂಗಳಕ್ಕೆ ಹೋಗಿ ಆಡುತ್ತವೆ. ಹೆಚ್ಚಿನ ಬಾರಿ ಸೋತೇ ಬರುತ್ತವೆ. ಆ ಪಂದ್ಯಗಳ ಒಟ್ಟು ಗಜಗಳನ್ನು ನೋಡಬೇಡಿ. ಅಲ್ಲಿ ಅವನ ಲೈನ್ ನೆಲಕಚ್ಚಿರುತ್ತದೆ, ಮೊತ್ತ ಕಡಿಮೆಯೇ ಇರುತ್ತದೆ. ನೋಡಬೇಕಾದದ್ದು ಮೊದಲ ಎದುರಾಳಿ ಮೈಮೇಲೆ ಬಿದ್ದ ಮೇಲೆ ಅವನು ಎಷ್ಟು ಮುಂದೆ ಹೋದ, ಎಷ್ಟು ಸಲ ಹಿಂದಕ್ಕೆ ಬೀಳಬೇಕಾಗಿದ್ದ ಓಟವನ್ನು ಎರಡು ಗಜದ ಓಟವಾಗಿ ಮಾಡಿಕೊಂಡ ಎಂಬುದನ್ನು. ಎರಡು ಗಜದ ಓಟಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಎರಡನೇ ಡೌನಿನಲ್ಲಿ, ಅಂದರೆ ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಎರಡನೆಯದರಲ್ಲಿ, ಎಂಟು ಗಜ ಉಳಿಯುವುದಕ್ಕೂ ಹನ್ನೆರಡು ಗಜ ಉಳಿಯುವುದಕ್ಕೂ ಇರುವ ಅಂತರ ಕೋಚ್‌ಗೆ ಚೆನ್ನಾಗಿ ಗೊತ್ತು.

ಎರಡನೆಯದಾಗಿ, ಅವನು ಬಿಟ್ಟುಬಂದ ತಂಡದ ಓಟದ ಪದ್ಧತಿಯೂ ನಿಮ್ಮ ತಂಡದ ಪದ್ಧತಿಯೂ ಒಂದೆಯೇ? ಝೋನ್ ಪದ್ಧತಿಯಲ್ಲಿ ಲೈನಿನವರೆಲ್ಲ ಒಂದೇ ದಿಕ್ಕಿಗೆ ಸರಿಯುತ್ತಾರೆ, ಬಿರುಕು ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ಬ್ಯಾಕ್ ಕಾದು ನೋಡಿ, ಒಂದೇ ಹೆಜ್ಜೆಯಲ್ಲಿ ನಿರ್ಧರಿಸಿ ನುಗ್ಗಬೇಕಾಗುತ್ತದೆ. ಪವರ್, ಕೌಂಟರ್ ಮೊದಲಾದ ಓಟಗಳಲ್ಲಿ ದಾರಿ ಮೊದಲೇ ಗೊತ್ತಿರುತ್ತದೆ. ಲೈನಿನ ಒಬ್ಬ ಗಾರ್ಡ್ ತನ್ನ ಜಾಗ ಬಿಟ್ಟು ಅಡ್ಡಲಾಗಿ ಓಡಿಬಂದು ಬಾಗಿಲು ತೆರೆಯುತ್ತಾನೆ, ಬ್ಯಾಕ್ ಅವನ ಬೆನ್ನು ಹಿಡಿದು ಹೋಗುತ್ತಾನೆ. ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿ ಅರ್ಧ ಸೀಸನ್ ತಡವರಿಸುವುದನ್ನು ಬಹಳ ಸಲ ನೋಡಿದ್ದೇನೆ. ಅದಕ್ಕೆ ವಿರುದ್ಧವಾಗಿ, ಪದ್ಧತಿ ಬದಲಾದದ್ದರಿಂದಲೇ ಆಟಗಾರ ಅರಳಿದ ಉದಾಹರಣೆಯೂ ಇದೆ. ಕೆನೆತ್ ವಾಕರ್ ಅವರು ವೇಕ್ ಫಾರೆಸ್ಟ್‌ನಲ್ಲಿದ್ದ 2019 ಮತ್ತು 2020ರ ಎರಡೂ ಸೀಸನ್‌ಗಳಲ್ಲಿ ಗಳಿಸಿದ್ದು ತಲಾ 579 ಗಜ. ಆಗ ಆ ತಂಡದ ಪದ್ಧತಿ ವಿಚಿತ್ರವಾಗಿತ್ತು: ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಬ್ಯಾಕ್‌ನ ಹೊಟ್ಟೆಯ ಬಳಿಯೇ ಹಿಡಿದುಕೊಂಡು, ಇಬ್ಬರೂ ನಿಧಾನವಾಗಿ ಹೆಜ್ಜೆ ಹಾಕುತ್ತಾ, ಕೊಡುವುದೋ ಎಸೆಯುವುದೋ ಎಂದು ಕೊನೆಯ ಕ್ಷಣದವರೆಗೂ ಕಾಯುತ್ತಿದ್ದರು. ಅಲ್ಲಿಂದ 2021ರಲ್ಲಿ ಮಿಷಿಗನ್ ಸ್ಟೇಟ್‌ಗೆ ಬಂದ ವಾಕರ್, ಆ ಸೀಸನ್ನಿನ ಮೊದಲ ಪಂದ್ಯದಲ್ಲಿ, ನಾರ್ತ್‌ವೆಸ್ಟರ್ನ್ ವಿರುದ್ಧ, ತಂಡದ ಮೊಟ್ಟಮೊದಲ ಆಟದಲ್ಲೇ (ಚೆಂಡು ಒಮ್ಮೆ ಹೊರಟು ನಿಲ್ಲುವವರೆಗಿನ ಒಂದು ಯತ್ನದಲ್ಲೇ) 75 ಗಜ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ವರ್ಷದ ಕೊನೆಗೆ ಅವರ ಗಳಿಕೆ 1,636 ಗಜ, 18 ಓಟದ ಟಚ್‌ಡೌನ್. ದೇಶದ ಅತ್ಯುತ್ತಮ ರನ್ನಿಂಗ್ ಬ್ಯಾಕ್‌ಗೆ ಕೊಡುವ ಡೋಕ್ ವಾಕರ್ ಪ್ರಶಸ್ತಿಯೂ ಅವರಿಗೇ ಬಂತು. 2020ರಲ್ಲಿ ಏಳರಲ್ಲಿ ಎರಡೇ ಪಂದ್ಯ ಗೆದ್ದಿದ್ದ ತಂಡ ಮರುವರ್ಷ 11 ಪಂದ್ಯಗಳನ್ನು ಗೆದ್ದಿತು. ವೇಕ್ ಫಾರೆಸ್ಟ್‌ನ ಗಜಗಳನ್ನಷ್ಟೇ ನೋಡಿದವರು ಇದನ್ನು ಊಹಿಸುವಂತಿರಲಿಲ್ಲ. ಪ್ರತಿ ಓಟದಲ್ಲಿ ಅವರು ಎಷ್ಟು ಜನರ ಕೈಯಿಂದ ಜಾರಿಕೊಂಡಿದ್ದರು ಎಂಬುದನ್ನು ನೋಡಿದವರಿಗೆ ಸುಳಿವು ಸಿಗುತ್ತಿತ್ತು.

ಇನ್ನೊಂದು ಎಚ್ಚರಿಕೆ. ಕಾಲೇಜು ಫುಟ್‌ಬಾಲಿನ ಅಂಕಿಅಂಶಗಳಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಕ್ ಆದಾಗ, ಅಂದರೆ ಪಾಸ್ ಎಸೆಯುವ ಮುನ್ನವೇ ಎದುರಾಳಿಗಳು ಅವನನ್ನು ಹಿಂದೆ ಕೆಡವಿದಾಗ, ಕಳೆದುಕೊಂಡ ಗಜಗಳನ್ನು ಓಟದ ಲೆಕ್ಕದಿಂದ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಾದರೆ ಪಾಸಿನ ಲೆಕ್ಕದಿಂದ ಕಳೆಯುತ್ತಾರೆ. ಆದ್ದರಿಂದ ಅವನ ಹಳೆಯ ತಂಡದ ಓಟದ ಸರಾಸರಿಯನ್ನು ನೋಡಿ ಲೈನ್ ಕೆಟ್ಟದ್ದಿತ್ತು ಎಂದು ತೀರ್ಮಾನಿಸುವ ಮುನ್ನ ಕ್ವಾರ್ಟರ್‌ಬ್ಯಾಕ್‌ನ ಪಾಲನ್ನು ತೆಗೆದುಹಾಕಿ ನೋಡಿ.

ಉತ್ತರ: ಮೂರನೇ ಡೌನ್

ಗಜಗಣಿತ ಅವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಇಡೀ ಉತ್ತರ ಚೆಂಡು ಕೈಯಲ್ಲಿರುವ ಹೊತ್ತಿನ ಬಗ್ಗೆಯೇ ಇದೆ. ಒಬ್ಬ ರನ್ನಿಂಗ್ ಬ್ಯಾಕ್ ಅರವತ್ತು ಆಟಗಳಿಗೆ ಮೈದಾನದಲ್ಲಿ ನಿಂತರೆ ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಚೆಂಡು ಅವನ ಕೈಯಲ್ಲಿ ಇರುವುದೇ ಇಲ್ಲ. ಪ್ರಶ್ನೆ ಕೇಳಿದವರು ಒಂದು ವಾಕ್ಯವನ್ನು ಹಾಗೇ ತೇಲಿಸಿ ಹೋಗಿದ್ದಾರೆ: ‘ಕ್ವಾರ್ಟರ್‌ಬ್ಯಾಕ್ ಕೂಡ ಹೊಸಬ.’ ನನ್ನ ಮಟ್ಟಿಗೆ ಈ ವರ್ಗಾವಣೆಯ ಗುಟ್ಟು ಇರುವುದು ಆ ವಾಕ್ಯದಲ್ಲಿ.

ಪಾಸಿನ ರಕ್ಷಣೆಯಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್ ಎಸೆಯುವವರೆಗೆ ಅವನನ್ನು ಕಾಯುವುದರಲ್ಲಿ, ಬ್ಯಾಕ್‌ನ ಕೆಲಸ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಇದು ಕಣ್ಣಿಗೆ ಬೀಳುವುದು ಅಪರೂಪ. ಆಟ ಆರಂಭವಾಗುವ ಮುನ್ನ ಲೈನಿನ ನಡುವಿನ ಸೆಂಟರ್ ಅಥವಾ ಕ್ವಾರ್ಟರ್‌ಬ್ಯಾಕ್ ಎದುರಾಳಿಯ ಎರಡನೇ ಸಾಲಿನಲ್ಲಿ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬನನ್ನು ಬೆರಳು ಮಾಡಿ ತೋರಿಸಿ, ರಕ್ಷಣೆ ಎಲ್ಲಿಂದ ಎಣಿಕೆಯಾಗುತ್ತದೆ ಎಂಬುದನ್ನು ಎಲ್ಲರಿಗೂ ಕೂಗಿ ಹೇಳುತ್ತಾನೆ. ಲೈನ್ ಒಂದು ಕಡೆಗೆ ಸರಿಯುತ್ತದೆ. ಅವರು ಸರಿದು ಖಾಲಿಯಾದ ಕಡೆಯಿಂದ ನುಗ್ಗಬಹುದಾದ ಲೈನ್‌ಬ್ಯಾಕರ್ ಬ್ಯಾಕ್‌ನ ಪಾಲಿಗೆ ಬರುತ್ತಾನೆ. ಇಬ್ಬರು ನುಗ್ಗುವಂತಿದ್ದರೆ ಅವನು ಒಳಗಿನಿಂದ ಹೊರಕ್ಕೆ ಕಣ್ಣು ಹಾಯಿಸಬೇಕು, ಒಳಗಿನವನು ಮೊದಲು, ಏಕೆಂದರೆ ಕ್ವಾರ್ಟರ್‌ಬ್ಯಾಕ್‌ಗೆ ಅತಿ ಹತ್ತಿರದ ದಾರಿ ಅದೇ. ಯಾರೂ ಬರದಿದ್ದರೆ ತಾನೇ ಹೊರಗೆ ಸರಿದು ಚಿಕ್ಕ ಪಾಸಿಗೆ ಸಿದ್ಧನಾಗಬೇಕು. ಇಷ್ಟೆಲ್ಲ ಆಗುವುದು ಎರಡು ಸೆಕೆಂಡಿನೊಳಗೆ. ಇದಾದ ಮೇಲೆ, ವೇಗವಾಗಿ ಓಡಿಬಂದ, ತನಗಿಂತ ಹತ್ತು ಕಿಲೋ ಹೆಚ್ಚು ತೂಗುವ ಒಬ್ಬನನ್ನು ಎದೆಗೊಟ್ಟು ನಿಲ್ಲಿಸಬೇಕು.

ಹೈಸ್ಕೂಲಿನಲ್ಲಿ ಊರಿಗೆಲ್ಲ ದೊಡ್ಡ ಆಟಗಾರನಾಗಿದ್ದ ಹುಡುಗನಿಗೆ ಈ ಕೆಲಸವನ್ನು ಯಾರೂ ಕಲಿಸಿರುವುದಿಲ್ಲ. ಅವನ ಕೈಗೆ ಚೆಂಡು ಕೊಟ್ಟು ಸುಮ್ಮನಿದ್ದರೆ ಅಲ್ಲಿ ತಂಡ ಪಂದ್ಯ ಗೆಲ್ಲುತ್ತಿತ್ತು. ಎರಡನೇ ವರ್ಷದ ಆಟಗಾರರೂ ಇಲ್ಲಿಯೇ ಕೋಚ್‌ನ ನಂಬಿಕೆ ಕಳೆದುಕೊಳ್ಳುವುದು. ಹೊಸ ಕ್ವಾರ್ಟರ್‌ಬ್ಯಾಕ್‌ನ ಬೆನ್ನಿಗೆ ಒಬ್ಬ ಲೈನ್‌ಬ್ಯಾಕರ್ ಯಾರ ಅಡ್ಡಿಯೂ ಇಲ್ಲದೆ ಬಂದು ಬಡಿದರೆ ಹೋಗುವುದು ಒಂದು ಆಟ ಮಾತ್ರವಲ್ಲ, ಸೀಸನ್ ಕೂಡ ಹೋಗಬಹುದು. ಆದ್ದರಿಂದ ನಿಮ್ಮ ಕೋಚ್ ಗಜಗಳಿಗಿಂತ ಹೆಚ್ಚಾಗಿ ಇಂಥ ನೂರಾರು ಆಟಗಳನ್ನು ಕಂಡ ಕಣ್ಣುಗಳನ್ನು ತಂದುಕೊಂಡಿದ್ದಾರೆ ಎಂದು ನಾನು ಭಾವಿಸುತ್ತೇನೆ. ಅನುಭವ ಎಂಬ ಮಾತನ್ನು ಸುದ್ದಿಗಳಲ್ಲಿ ಸುಮ್ಮನೆ ವಿಶೇಷಣವಾಗಿ ಬಳಸುತ್ತಾರೆ. ಈ ಸ್ಥಾನದಲ್ಲಿ ಅದಕ್ಕೆ ಬಹಳ ನಿರ್ದಿಷ್ಟವಾದ ಅರ್ಥವಿದೆ.

ಒಂದು ತೊಡಕೂ ಇದೆ. ರಕ್ಷಣೆಯ ತತ್ವಗಳು ಎಲ್ಲ ಕಡೆ ಸುಮಾರಾಗಿ ಒಂದೇ ಆದರೂ ಅವುಗಳ ಹೆಸರುಗಳು ತಂಡದಿಂದ ತಂಡಕ್ಕೆ ಬೇರೆ. ಹಳೆಯ ತಂಡದಲ್ಲಿ ಎಡಕ್ಕೆ ಎಂಬ ಅರ್ಥವಿದ್ದ ಕೂಗು ಇಲ್ಲಿ ಬಲಕ್ಕೆ ಎಂದಾಗಬಹುದು. ವಸಂತ ಕಾಲದಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಅನುಮತಿಸುವುದು 15 ಅಭ್ಯಾಸಗಳನ್ನು ಮಾತ್ರ. ಜನವರಿಯಲ್ಲೇ ಬಂದು ಸೇರಿದವನಿಗೆ ಅವೆಲ್ಲವೂ ಸಿಗುತ್ತವೆ, ಬೇಸಿಗೆಯಲ್ಲಿ ಬಂದವನಿಗೆ ಒಂದೂ ಸಿಗುವುದಿಲ್ಲ. ನಿಮ್ಮವನು ಜನವರಿಯಲ್ಲಿ ಬಂದಿದ್ದಾನೆ ಎಂಬುದು ಅವನ ಗಜಗಳಿಗಿಂತ ಒಳ್ಳೆಯ ಸುದ್ದಿ.

ಅನುಭವವಿದ್ದ ಮಾತ್ರಕ್ಕೆ ಜಾಗ ಖಾತ್ರಿ ಎಂದು ಮಾತ್ರ ತಿಳಿಯಬೇಡಿ. ಮಖಾಯ್ ಹ್ಯೂಸ್ ಅವರು ಟ್ಯುಲೇನ್‌ನಲ್ಲಿ 2023 ಮತ್ತು 2024ರ ಎರಡೂ ಸೀಸನ್‌ಗಳಲ್ಲಿ 1,300 ಗಜಗಳಿಗಿಂತ ಹೆಚ್ಚು ಓಡಿ ಒರೆಗಾನ್‌ಗೆ ಬಂದವರು. 2025ರಲ್ಲಿ ಅಲ್ಲಿನ ಹೊಸ ಹುಡುಗರು ಓಟಗಳನ್ನು ತಮ್ಮ ಕಡೆಗೆ ಎಳೆದುಕೊಂಡಾಗ ಹ್ಯೂಸ್ ನಾಲ್ಕೇ ಪಂದ್ಯ ಆಡಿ, ಆ ವರ್ಷದ ಅರ್ಹತೆ ಖರ್ಚಾಗದಂತೆ ರೆಡ್‌ಶರ್ಟ್ ಆಗಿ ಉಳಿಯಬೇಕಾಯಿತು.

ಪ್ರತಿಕ್ರಿಯೆ: ಹೊಸ ಪ್ರೇಕ್ಷಕ

ಇಬ್ಬರಿಗೂ ಧನ್ಯವಾದಗಳು. ಪಾಸಿನ ರಕ್ಷಣೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ನಮ್ಮ ಎರಡನೇ ವರ್ಷದ ಹುಡುಗನನ್ನು ಮೂರನೇ ಡೌನಿನಲ್ಲಿ ಹೊರಗೆ ಕರೆಯುತ್ತಿದ್ದುದು ಏಕೆಂಬುದು ಈಗ ಹೊಳೆಯುತ್ತಿದೆ.

ಎರಡು ಸಂಶಯಗಳು ಮಾತ್ರ ಉಳಿದಿವೆ. ಎರಡು ಸೀಸನ್ ಸತತವಾಗಿ ಪೆಟ್ಟು ತಿಂದ ದೇಹ ಮೂರನೆಯದನ್ನು ತಾಳುತ್ತದೆಯೇ? ಮತ್ತು ಆ ಎಳೆಯ ಹುಡುಗರು ಬೇಸರಗೊಂಡು ಮುಂದಿನ ಜನವರಿಯಲ್ಲಿ ತಾವೂ ಪೋರ್ಟಲ್‌ಗೆ ಹೆಸರು ಕೊಟ್ಟರೆ, ಒಂದು ವರ್ಷದ ಲಾಭಕ್ಕೆ ಮೂರು ವರ್ಷದ ನಷ್ಟ ಮಾಡಿಕೊಂಡಂತೆ ಆಗುವುದಿಲ್ಲವೇ?

ಉತ್ತರ: ಹಳೆಯ ಪಟ್ಟಿ

ನಿಮ್ಮ ಎರಡನೇ ಸಂಶಯಕ್ಕೆ ಮೊದಲು ಬರುತ್ತೇನೆ, ಏಕೆಂದರೆ ಅದು ನಿಯಮಗಳ ಪ್ರಶ್ನೆ, ಮತ್ತು ನಿಯಮಗಳು ಬದಲಾದ ವೇಗವನ್ನು ಗಮನಿಸದಿದ್ದರೆ ಕೋಚ್‌ಗಳ ನಡೆ ಅರ್ಥವಾಗುವುದಿಲ್ಲ.

ವರ್ಗಾವಣೆಯ ಪೋರ್ಟಲ್ ಆರಂಭವಾದದ್ದು 2018ರ ಅಕ್ಟೋಬರ್ 15ರಂದು. ಹೆಸರು ದೊಡ್ಡದಾದರೂ ಅದು ಮೂಲತಃ ಒಂದು ಪಟ್ಟಿ. ಆಟಗಾರ ತನ್ನ ಕಾಲೇಜಿನ ಕಚೇರಿಗೆ ತಿಳಿಸಿದರೆ ಅವರು ಎರಡು ಕೆಲಸದ ದಿನಗಳೊಳಗೆ ಅವನ ಹೆಸರನ್ನು ಅದಕ್ಕೆ ಸೇರಿಸಬೇಕು, ಆಮೇಲೆ ಯಾವ ತಂಡವಾದರೂ ಅವನನ್ನು ಸಂಪರ್ಕಿಸಬಹುದು. ಆದರೆ ಅಂದು, ಪದವಿ ಮುಗಿಸದೆ ತಂಡ ಬದಲಿಸಿದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕುಳಿತಿರಬೇಕಾಗಿತ್ತು. ರನ್ನಿಂಗ್ ಬ್ಯಾಕ್‌ನ ಆಟದ ಆಯುಸ್ಸು ಮೊದಲೇ ಚಿಕ್ಕದು. ಅದರಲ್ಲಿ ಒಂದು ವರ್ಷ ಬಿಟ್ಟುಕೊಡಲು ಯಾರು ಮುಂದೆ ಬರುತ್ತಾರೆ? 2021ರ ಏಪ್ರಿಲ್‌ನಲ್ಲಿ ಮೊದಲ ವರ್ಗಾವಣೆಗೆ ಈ ಕಟ್ಟುಪಾಡನ್ನು ತೆಗೆದರು. ವಾಕರ್ ಅವರು ಅದೇ ವರ್ಷ ಮಿಷಿಗನ್ ಸ್ಟೇಟ್‌ಗೆ ಆಡಿದ್ದು ಕಾಕತಾಳೀಯವಲ್ಲ. ಆಮೇಲೆ ರಾಜ್ಯಗಳು ಹೂಡಿದ ದಾವೆಯಲ್ಲಿ 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ, ಮತ್ತೆ ತಂಡ ಬದಲಿಸಿದವರನ್ನು ಆಡದೆ ಕೂರಿಸದಂತೆ ಎನ್‌ಸಿಎಎಗೆ ತಡೆಯೊಡ್ಡಿತು. 2024ರ ಏಪ್ರಿಲ್‌ನಲ್ಲಿ, ಓದಿನ ಅರ್ಹತೆ ಇರುವವರೆಗೂ ಎಷ್ಟು ಸಲ ಬೇಕಾದರೂ ತಂಡ ಬದಲಿಸಿ ಕೂಡಲೇ ಆಡಬಹುದು ಎಂದು ಎನ್‌ಸಿಎಎ ಒಪ್ಪಿಕೊಂಡಿತು.

ಇದರ ಅರ್ಥವೇನೆಂದರೆ, ಎಳೆಯ ಹುಡುಗರನ್ನು ಕಟ್ಟಿಹಾಕುವ ಹಗ್ಗ ಈಗ ಯಾರ ಕೈಯಲ್ಲೂ ಇಲ್ಲ. ಅನುಭವಿಯನ್ನು ತರದಿದ್ದರೂ ಅವರು ಹೋಗಬಹುದು, ತಂದರೂ ಉಳಿಯಬಹುದು. ಅವಸರದಲ್ಲಿ ಆಡಿಸಿ, ಮೂರು ಸಲ ಚೆಂಡು ಕೈಜಾರಿಸಿಕೊಂಡು, ಎಂಬತ್ತು ಸಾವಿರ ಜನರ ಮುಂದೆ ತಲೆ ತಗ್ಗಿಸಿದ ಹುಡುಗನೂ ಜನವರಿಯಲ್ಲಿ ಹೋಗುವವನೇ. ಅದರ ಬದಲು ಹೊಸಬನನ್ನು ನಾಲ್ಕು ಪಂದ್ಯಗಳಲ್ಲಿ ಆಡಿಸಿ ರೆಡ್‌ಶರ್ಟ್ ಇರಿಸಿಕೊಳ್ಳಬಹುದು. 2018ರಿಂದ ಆ ಅನುಕೂಲವಿದೆ. ಒಂದೇ ವರ್ಷ ಇರುವವನನ್ನು ತಂದಿರುವುದು ನಿಮ್ಮ ಕಣ್ಣಿಗೆ ದೋಷವಾಗಿ ಕಾಣುತ್ತಿದೆ, ನನಗೆ ಅದೇ ಈ ಏರ್ಪಾಡಿನ ಗುಣವಾಗಿ ಕಾಣುತ್ತದೆ: ಎರಡು ವರ್ಷ ಉಳಿದಿರುವವನನ್ನು ತಂದಿದ್ದರೆ ಹುಡುಗರಿಗೆ ದಾರಿ ಮುಚ್ಚಿದಂತೆ ಆಗುತ್ತಿತ್ತು, ಈಗ ಬಾಗಿಲು ಮುಂದಿನ ಜನವರಿಗೆ ತಾನಾಗಿಯೇ ತೆರೆಯುತ್ತದೆ.

ಇನ್ನೊಂದು ಒತ್ತಡದ ಬಗ್ಗೆ ಇಲ್ಲಿ ಯಾರೂ ಹೇಳಿಲ್ಲ. ಮೊದಲು ಏಪ್ರಿಲ್‌ನಲ್ಲೂ ಪೋರ್ಟಲ್ ತೆರೆಯುತ್ತಿತ್ತು. ವಸಂತದ ಅಭ್ಯಾಸಗಳಲ್ಲಿ ಹುಡುಗರ ಕೈಯಲ್ಲಿ ಆಗುವುದಿಲ್ಲ ಎಂದು ಕಂಡರೆ ಆಗ ಹುಡುಕಲು ಕಾಲವಿತ್ತು. 2026ರಿಂದ ಆ ಬಾಗಿಲನ್ನು ಮುಚ್ಚಿ, ಜನವರಿ 2ರಿಂದ 16ರವರೆಗಿನ ಒಂದೇ ಅವಧಿಯನ್ನು ಉಳಿಸಿಕೊಂಡಿದ್ದಾರೆ. ಅಂದರೆ ಕೋಚ್ ತನ್ನ ಹುಡುಗರನ್ನು ಅಭ್ಯಾಸದಲ್ಲಿ ನೋಡುವ ಮೊದಲೇ ತೀರ್ಮಾನಿಸಬೇಕು. ಇಂಥ ಸ್ಥಿತಿಯಲ್ಲಿ ಒಬ್ಬ ಅನುಭವಿಯನ್ನು ತಂದಿಟ್ಟುಕೊಳ್ಳುವುದು ಹುಡುಗರ ಮೇಲಿನ ಅಪನಂಬಿಕೆ ಎಂದೇನೂ ಅಲ್ಲ.

ಇನ್ನು ಹಣ. ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ 2025ರ ಜೂನ್ 6ರಂದು ನ್ಯಾಯಾಲಯದ ಒಪ್ಪಿಗೆ ಸಿಕ್ಕಿದ ಮೇಲೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ ಇತ್ತು. ಫುಟ್‌ಬಾಲಿನಲ್ಲಿ 85 ವಿದ್ಯಾರ್ಥಿವೇತನಗಳ ಹಳೆಯ ಮಿತಿ ಹೋಗಿ 105 ಆಟಗಾರರ ಪಟ್ಟಿಯ ಮಿತಿ ಬಂದಿದೆ. ಕ್ವಾರ್ಟರ್‌ಬ್ಯಾಕ್‌ಗೂ ಲೈನಿನವರಿಗೂ ದೊಡ್ಡ ಪಾಲು ಹೋಗುವ ಈ ಲೆಕ್ಕಾಚಾರದಲ್ಲಿ, ಚಿಕ್ಕ ಕಾನ್ಫರೆನ್ಸಿನ ಅನುಭವಿ ಬ್ಯಾಕ್ ಕಡಿಮೆ ಖರ್ಚಿನಲ್ಲಿ ಸಿಗುವ ಸಿದ್ಧ ಆಟಗಾರ.

ಈಗ ದೇಹದ ವಿಷಯ. ಓಟಗಳ ಎಣಿಕೆ ನಿಜವಾಗಿಯೂ ನೋಡಬೇಕಾದದ್ದು, ಆದರೆ ಅದಕ್ಕೆ ಉತ್ತರ ಹಂಚಿಕೊಳ್ಳುವುದರಲ್ಲಿದೆ. ಕ್ವಿನ್‌ಷಾನ್ ಜಡ್ಕಿನ್ಸ್ ಓಲ್ ಮಿಸ್‌ನಲ್ಲಿ 2022 ಮತ್ತು 2023ರಲ್ಲಿ ಒಟ್ಟು 545 ಬಾರಿ ಚೆಂಡು ಹೊತ್ತಿದ್ದರು. ಓಹಾಯೋ ಸ್ಟೇಟ್‌ಗೆ ಬಂದಾಗ ಅಲ್ಲಿ ಟ್ರೆವಿಯಾನ್ ಹೆಂಡರ್ಸನ್ ಎಂಬ ಹಿರಿಯ ಆಟಗಾರ ಮೊದಲೇ ಇದ್ದರು, ಹೊಸಬ ಬಂದನೆಂದು ಅವರು ಹೊರಡಲಿಲ್ಲ. 2024ರ 16 ಪಂದ್ಯಗಳ ಸೀಸನ್ನಿನಲ್ಲಿ ಜಡ್ಕಿನ್ಸ್ 194 ಓಟಗಳಲ್ಲಿ 1,060 ಗಜ, ಹೆಂಡರ್ಸನ್ 144 ಓಟಗಳಲ್ಲಿ 1,016 ಗಜ ಗಳಿಸಿದರು. ಕೊನೆಯ ಪಂದ್ಯದಲ್ಲಿ, ಅಂದರೆ 2025ರ ಜನವರಿ 20ರಂದು ನೋಟ್ರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದ ದಿನ, ಜಡ್ಕಿನ್ಸ್ 11 ಓಟಗಳಲ್ಲಿ ನೂರು ಗಜ ಓಡಿ, ಪಾಸಿನದೂ ಸೇರಿ ಮೂರು ಟಚ್‌ಡೌನ್ ಮಾಡಿದರು. ಸೀಸನ್ ಉದ್ದಕ್ಕೂ ಪ್ರತಿ ಪಂದ್ಯದಲ್ಲಿ ಒಬ್ಬರೇ ಇಪ್ಪತ್ತೈದು ಬಾರಿ ಹೊತ್ತಿದ್ದರೆ ಜನವರಿಯ ಆ ರಾತ್ರಿ ಕಾಲಲ್ಲಿ ಅಷ್ಟು ಕಸುವು ಉಳಿಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಮುಂದಿನ ಡ್ರಾಫ್ಟ್‌ನಲ್ಲಿ ಇಬ್ಬರೂ ಎರಡನೇ ಸುತ್ತಿನಲ್ಲೇ, ಒಬ್ಬರು 36ನೆಯವರಾಗಿ ಇನ್ನೊಬ್ಬರು 38ನೆಯವರಾಗಿ ಆಯ್ಕೆಯಾದರು. ಹಂಚಿಕೊಂಡದ್ದರಿಂದ ಯಾರ ಬೆಲೆಯೂ ಇಳಿಯಲಿಲ್ಲ. ನಿಮ್ಮ ಹುಡುಗರಿಗೆ ಯಾರಾದರೂ ತಿಳಿಹೇಳಬೇಕಾದರೆ ಈ ಎರಡು ಸಂಖ್ಯೆಗಳು ಸಾಕು.

ಉತ್ತರ: ಗಜಗಣಿತ

ಹಳೆಯ ಪಟ್ಟಿಯವರ ಮಾತಿಗೆ ಒಂದು ಸೇರಿಕೆ. ಮೊದಲ ಸೀಸನ್ನಿನ ಗಳಿಕೆಯಿಂದಲೇ ವರ್ಗಾವಣೆ ಫಲಿಸಿತೋ ಇಲ್ಲವೋ ಎಂದು ತೀರ್ಪು ಕೊಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಕ್ಯಾಮ್ ಸ್ಕ್ಯಾಟಬೋ ಅವರನ್ನು ನೋಡಿ. ಆಗ ಒಂದು ಹಂತ ಕೆಳಗಿನ ವಿಭಾಗದಲ್ಲಿ ಆಡುತ್ತಿದ್ದ ಸ್ಯಾಕ್ರಮೆಂಟೊ ಸ್ಟೇಟ್‌ನಿಂದ 2023ರಲ್ಲಿ ಅರಿಜೋನ ಸ್ಟೇಟ್‌ಗೆ ಬಂದಾಗ ಮೊದಲ ವರ್ಷ 783 ಗಜಗಳಷ್ಟೇ. ತಂಡ 12ರಲ್ಲಿ ಮೂರೇ ಪಂದ್ಯ ಗೆದ್ದಿತ್ತು; ಗಾಯಗಳಿಂದ ತಂಡ ಎಷ್ಟು ಸೊರಗಿತ್ತೆಂದರೆ ಅವರೇ ಪಾಸ್ ಎಸೆದದ್ದೂ ಉಂಟು, ಪಂಟ್ (ಚೆಂಡನ್ನು ಎದುರಾಳಿಗೆ ದೂರ ಒದೆದು ಕೊಡುವುದು) ಒದ್ದದ್ದೂ ಉಂಟು. ಅದೇ ಆಟಗಾರ, ಅದೇ ತಂಡ, ಮರುವರ್ಷ 1,711 ಗಜ, 21 ಓಟದ ಟಚ್‌ಡೌನ್, ಅದರ ಮೇಲೆ 605 ಗಜ ಪಾಸಿನಿಂದ. 16 ತಂಡಗಳ ಬಿಗ್ 12ರಲ್ಲಿ ಕೊನೆಯ ಸ್ಥಾನಕ್ಕೆ ಬರುತ್ತದೆಂದು ಎಲ್ಲರೂ ಊಹಿಸಿದ್ದ ತಂಡ ಆ ಕಾನ್ಫರೆನ್ಸನ್ನೇ ಗೆದ್ದಿತು. ನಿಮ್ಮವನಿಗೆ ಎರಡನೇ ವರ್ಷ ಇಲ್ಲ. ನನಗೆ ಈ ಏರ್ಪಾಡಿನಲ್ಲಿ ಕಾಣುವ ನಿಜವಾದ ಕೊರತೆ ಅದು. ಹಳೆಯ ಪಟ್ಟಿಯವರು ಗುಣ ಎಂದದ್ದನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಲೈನಿನ ಜೊತೆ ಹೊಂದಿಕೊಳ್ಳುವಷ್ಟರಲ್ಲಿ ಅಕ್ಟೋಬರ್ ಬಂದಿರುತ್ತದೆ.

ಮೂರನೇ ಡೌನ್ ಅವರಿಗೂ ಒಂದು ಮಾತು. ರಕ್ಷಣೆ ಮುಖ್ಯವೆಂದು ಒಪ್ಪುತ್ತೇನೆ, ಆದರೆ 2021ರ ವಾಕರ್ ಇಡೀ ಸೀಸನ್ನಿನಲ್ಲಿ ಹಿಡಿದದ್ದು 13 ಪಾಸ್ ಮಾತ್ರ. ಚೆಂಡು ಕೈಯಲ್ಲಿದ್ದಾಗ ಅಷ್ಟು ಮಾಡುವವನಿಗೆ ಉಳಿದ ಕೆಲಸಗಳನ್ನು ಕೋಚ್‌ಗಳು ಹೇಗಾದರೂ ಬೇರೆಯವರಿಗೆ ಹಂಚುತ್ತಾರೆ.

ಉತ್ತರ: ಮೂರನೇ ಡೌನ್

ವಾಕರ್ ಅಂಥವರು ಹತ್ತು ವರ್ಷಕ್ಕೊಬ್ಬರು ಸಿಗುತ್ತಾರೆ. ಅವರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಬಂದವರೆಲ್ಲ ಕುಳ್ಳರಾಗಿಯೇ ಕಾಣುತ್ತಾರೆ. ಅದಕ್ಕಿಂತ ಜಮೀರ್ ಗಿಬ್ಸ್ ಅವರ ಉದಾಹರಣೆ ಈ ಪ್ರಶ್ನೆಗೆ ಹತ್ತಿರವಾದದ್ದು. ಜಾರ್ಜಿಯಾ ಟೆಕ್‌ನಿಂದ 2022ರಲ್ಲಿ ಅಲಬಾಮಾಕ್ಕೆ ಬಂದ ಅವರು ಓಡಿದ್ದು 926 ಗಜ, ಸಾವಿರ ಕೂಡ ಮುಟ್ಟಲಿಲ್ಲ. ಆದರೆ ಆ ತಂಡದಲ್ಲಿ ಆ ವರ್ಷ ಅತಿ ಹೆಚ್ಚು ಪಾಸ್ ಹಿಡಿದವರು ಅವರೇ, 44. ಎನ್‌ಎಫ್‌ಎಲ್‌ನ ಡೆಟ್ರಾಯಿಟ್ ತಂಡ ಮೊದಲ ಸುತ್ತಿನಲ್ಲಿ, ಒಟ್ಟಾರೆ 12ನೆಯವರಾಗಿ ಅವರನ್ನು ಆರಿಸಿಕೊಂಡಿತು. ಓಟದ ಗಜಗಳನ್ನಷ್ಟೇ ಎಣಿಸಿದ್ದರೆ ಆ ಆಯ್ಕೆ ಅರ್ಥವಾಗುವುದಿಲ್ಲ.

ಪ್ರತಿಕ್ರಿಯೆ: ಹೊಸ ಪ್ರೇಕ್ಷಕ

ನೀವೆಲ್ಲ ಹೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಅವನ ಹಳೆಯ ತಂಡ ಕಳೆದ ಎರಡು ಸೆಪ್ಟೆಂಬರ್‌ಗಳಲ್ಲಿ ದೊಡ್ಡ ತಂಡಗಳ ವಿರುದ್ಧ ಆಡಿದ ಎರಡು ಪಂದ್ಯಗಳನ್ನು ಮತ್ತೆ ಪೂರ್ತಿಯಾಗಿ, ಚೆಂಡನ್ನು ಬಿಟ್ಟು ಅವನನ್ನಷ್ಟೇ ಗಮನಿಸುತ್ತಾ ನೋಡಿದೆ. ಓಟದ ವಿಷಯದಲ್ಲಿ ಗಜಗಣಿತ ಅವರು ಹೇಳಿದ್ದು ಅಕ್ಷರಶಃ ಕಾಣಿಸಿತು: ಲೈನ್ ಪದೇ ಪದೇ ಹಿಂದಕ್ಕೆ ತಳ್ಳಲ್ಪಟ್ಟರೂ ಅವನು ಹಿಂದೆ ಬಿದ್ದದ್ದು ತೀರ ಕಡಿಮೆ, ಮೊದಲು ತಾಗಿದವನು ಒಬ್ಬನೇ ಅವನನ್ನು ಕೆಡವಿದ್ದು ಇನ್ನೂ ಕಡಿಮೆ. ನಾನು ಸ್ವಲ್ಪ ಸಮಾಧಾನಗೊಂಡೆ.

ಆದರೆ ಎರಡೂ ಪಂದ್ಯಗಳಲ್ಲಿ ಮೂರನೇ ಡೌನಿಗೆ ಹೆಚ್ಚು ಗಜ ಉಳಿದಾಗಲೆಲ್ಲ ಅವನು ಹೊರಗೆ ಹೋಗಿ ಇನ್ನೊಬ್ಬ ಬರುತ್ತಿದ್ದ. ನಾವು ಅನುಭವಿ ಎಂದು ಕರೆತಂದವನಿಗೂ ಆ ಕೆಲಸದ ಅನುಭವವೇ ಇಲ್ಲವೇ? ಅಥವಾ ಅದು ದಣಿವು ತಪ್ಪಿಸಲು ಮಾಡಿದ ಹಂಚಿಕೆಯೇ?

ಉತ್ತರ: ಮೂರನೇ ಡೌನ್

ಒಳಗೆ ಬಂದವನು ಯಾರು ಎಂಬುದನ್ನು ನೋಡಿ. ಚಿಕ್ಕ ಮೈಕಟ್ಟಿನ, ಪಾಸ್ ಹಿಡಿಯುವುದರಲ್ಲಿ ಚುರುಕಾದ ಆಟಗಾರನಾಗಿದ್ದು, ಬಂದ ಕೂಡಲೇ ಹೊರಗೆ ಓಡುತ್ತಿದ್ದರೆ ಅದು ಹಂಚಿಕೆ, ಚಿಂತೆ ಬೇಡ. ಬಂದವನು ಕ್ವಾರ್ಟರ್‌ಬ್ಯಾಕ್‌ನ ಪಕ್ಕದಲ್ಲೇ ನಿಂತು ಅಡ್ಡಗಟ್ಟುತ್ತಿದ್ದರೆ ಅದು ಕೋಚ್‌ನ ತೀರ್ಮಾನ, ಮತ್ತು ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ದೊಡ್ಡ ತಂಡದೆದುರು ಹದಿನೇಳು ಅಂಕ ಹಿಂದಿರುವಾಗಿನ ಮೂರನೇ ಡೌನ್‌ಗಳಿಂದ ಮಾತ್ರ ನಿರ್ಧರಿಸಬೇಡಿ. ಅವನ ಸ್ವಂತ ಕಾನ್ಫರೆನ್ಸಿನಲ್ಲಿ ಅಂಕಗಳು ಸರಿಸಮವಾಗಿದ್ದ ಒಂದು ಪಂದ್ಯದ ನಾಲ್ಕನೇ ಕ್ವಾರ್ಟರ್ ಹುಡುಕಿ, ಅಲ್ಲಿ ಮೂರನೇ ಡೌನಿಗೆ ಏಳು ಗಜ ಬೇಕಾದಾಗ ಕ್ವಾರ್ಟರ್‌ಬ್ಯಾಕ್‌ನ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದನ್ನು ನೋಡಿ ಇಲ್ಲಿಯೇ ಬರೆಯಿರಿ. ಅವನೇ ನಿಂತಿದ್ದರೆ, ಗಜಗಣಿತ ಅವರೂ ನಾನೂ ಜಗಳವಾಡಲು ಬೇರೆ ವಿಷಯ ಹುಡುಕಿಕೊಳ್ಳುತ್ತೇವೆ.